ಅರ್ಕಾವೊತ್ತಿನ ಜಾಗ

ಹಳೆಯ ಸಿ.ಡಿ.ಯಲ್ಲಿದ್ದ ಫೈಲನ್ನು ತೆರೆದಾಗ ಮೊದಲು ಕಂಡದ್ದು ಇಂಗ್ಲಿಷಿನ ಪಿ. ಅದರ ಪಕ್ಕದಲ್ಲಿ ನೆತ್ತಿಯ ಮೇಲೆ ಗೀರು ಹೊತ್ತ ದೊಡ್ಡ ಎ. ಆಮೇಲೆ ಬ್ರಿಟನ್ನಿನ ಪೌಂಡ್ ಚಿಹ್ನೆ, ಮತ್ತೆ ಅದೇ ಎ, ಜರ್ಮನರು ಜೋಡಿ ಎಸ್‌ಗೆ ಬಳಸುವ ಅಕ್ಷರ, ಒಂದು ಸಣ್ಣ ಕ್ಯೂ, ಕೊನೆಗೆ ಇನ್ನೊಮ್ಮೆ ಎ. ಒಟ್ಟು ಏಳು ಚಿಹ್ನೆ. ಇಪ್ಪತ್ತು ವರ್ಷದ ಹಿಂದೆ ನಾನೇ ಟೈಪು ಮಾಡಿದ್ದ ಲೇಖನ ಅದು. ಆ ಏಳು ಚಿಹ್ನೆಗಳು ಸೇರಿ ಆಗಬೇಕಿದ್ದ ಪದ ‘ಕನ್ನಡ’.

ಆ ಕಾಲದಲ್ಲಿ ಬರೆದವರಿಗೆಲ್ಲ ಈ ನೋಟ ಗೊತ್ತಿದೆ. ನುಡಿಯಂಥ ತಂತ್ರಾಂಶಗಳು ಕಂಪ್ಯೂಟರಿನಲ್ಲಿ ಕನ್ನಡ ಮೂಡಿಸಿದ ದಿನಗಳಲ್ಲಿ ಒಂದು ಫಾಂಟಿಗೆ ಸಿಗುತ್ತಿದ್ದದ್ದು ಹೆಚ್ಚೆಂದರೆ 256 ಮನೆಗಳು. ಅಷ್ಟರಲ್ಲೇ ನಮ್ಮ ಕಾಗುಣಿತ, ಒತ್ತುಗಳು, ಅಂಕಿಗಳು ಎಲ್ಲ ಕೂರಬೇಕಿತ್ತು. ಹಾಗಾಗಿ ಅಕ್ಷರವನ್ನೇ ಬಿಡಿಸಿ ಇಟ್ಟರು. ಪಿ ಇರುವ ಮನೆಯಲ್ಲಿ ತಲೆಕಟ್ಟಿಲ್ಲದ ಕ, ಗೀರಿನ ಎ ಇರುವ ಮನೆಯಲ್ಲಿ ತಲೆಕಟ್ಟು, ಪೌಂಡ್ ಇರುವಲ್ಲಿ ನಕಾರದ ಒಡಲು, ಜರ್ಮನ್ ಅಕ್ಷರದ ಜಾಗದಲ್ಲಿ ನ ಒತ್ತು, ಕ್ಯೂ ಇರುವಲ್ಲಿ ಡಕಾರದ ಒಡಲು. ಇಕ್ಕಟ್ಟಿನ ಮನೆಯಲ್ಲಿ ದೊಡ್ಡ ಸಂಸಾರ ನಡೆಸಿದ ಜಾಣತನ ಅದು. ಆ ಫಾಂಟ್ ಇದ್ದಷ್ಟು ಕಾಲ ಎಲ್ಲ ಸರಿಯಾಗಿತ್ತು. ಫಾಂಟ್ ಹೋದ ಮೇಲೆ ಉಳಿದದ್ದು ಯುರೋಪಿನ ಅಕ್ಷರಗಳ ರಾಶಿ.

ಇದನ್ನು ಯೂನಿಕೋಡಿಗೆ ತರಲು ಚಿಹ್ನೆಗೆ ಚಿಹ್ನೆ ಹೊಂದಿಸಿದ ಒಂದು ಪಟ್ಟಿ ಸಾಕು ಎಂದು ನಾನೂ ಮೊದಲು ತಿಳಿದಿದ್ದೆ. ‘ಕರ್ನಾಟಕ’ ಬಂದ ಕೂಡಲೇ ಪಟ್ಟಿ ಸೋತಿತು. ಕಾಗದದ ಮೇಲೆ ನಾವು ಅರ್ಕಾವೊತ್ತನ್ನು ಅಕ್ಷರದ ಬಲಕ್ಕೆ ಬರೆಯುತ್ತೇವೆ, ಹಳೆಯ ಫೈಲಿನಲ್ಲೂ ಅದು ‘ನಾ’ ಆದ ಮೇಲೆಯೇ ಬರುತ್ತದೆ. ಯೂನಿಕೋಡ್ ಮಾತ್ರ ಬಾಯಿ ನುಡಿಯುವ ಕ್ರಮವನ್ನು ಅನುಸರಿಸುತ್ತದೆ: ಮೊದಲು ರಕಾರ, ಆಮೇಲೆ ವಿರಾಮ, ಆಮೇಲೆ ನಕಾರ, ದೀರ್ಘ. ಹಾಗಾಗಿ ಅರ್ಕಾವೊತ್ತು ಕಂಡಾಗ ಹಿಂದಕ್ಕೆ ನಡೆದು, ಆ ಅಕ್ಷರ ಎಲ್ಲಿ ಶುರುವಾಯಿತೆಂದು ಹುಡುಕಿ, ಅದರ ಮುಂದೆ ‘ರ್’ ಇಡಬೇಕು. ‘ಮರ್ತ್ಯ’ದಲ್ಲಿ ತಕಾರಕ್ಕೆ ಯ ಒತ್ತು ಬೇರೆ ಇದೆ, ಅದನ್ನೂ ದಾಟಿ ಹಿಂದೆ ಹೋಗಬೇಕು. ಪಟ್ಟಿಗೆ ಇದು ತಿಳಿಯುವುದಿಲ್ಲ. ಅಕ್ಷರ ಎಂದರೇನು ಎಂದು ಬಲ್ಲ ನಿಯಮ ಬೇಕು.

ಇಂಥ ನಿಯಮವನ್ನು ಒಂದೇ ಸಾಲಿನಲ್ಲಿ ಬರೆಯಲು ಬರುವ ಪ್ರೋಗ್ರಾಮಿಂಗ್ ಭಾಷೆಯೊಂದು 1987ರ ಡಿಸೆಂಬರ್ 18ರಂದು ಹೊರಬಂತು. ಅದರ ಹೆಸರು ಪರ್ಲ್.

ಪರ್ಲ್ ಸೃಷ್ಟಿಸಿದ ಲ್ಯಾರಿ ವಾಲ್ ಭಾಷಾವಿಜ್ಞಾನ ಓದಿದವರು. ಅವರೂ ಅವರ ಹೆಂಡತಿಯೂ ಬರ್ಕ್ಲಿಯಲ್ಲಿ ಓದುತ್ತಿದ್ದಾಗ ಲಿಪಿಯಿಲ್ಲದ ಒಂದು ನುಡಿಯನ್ನು ಹುಡುಕಿಕೊಂಡು ಹೋಗಿ, ಅದಕ್ಕೊಂದು ಬರವಣಿಗೆ ಕಟ್ಟಿಕೊಡಬೇಕು, ಬೈಬಲ್ಲನ್ನು ಆ ನುಡಿಗೆ ತರಬೇಕು ಎಂದುಕೊಂಡಿದ್ದರು. ಆರೋಗ್ಯದ ಕಾರಣಕ್ಕೆ ಅದು ಕೈಗೂಡಲಿಲ್ಲ. ಮುಂದೆ ಕಂಪ್ಯೂಟರ್ ಕೆಲಸದಲ್ಲಿದ್ದಾಗ, ಅಮೆರಿಕದ ಎರಡು ಕರಾವಳಿಗಳ ಯಂತ್ರಗಳಲ್ಲಿ ಹಂಚಿಹೋಗಿದ್ದ ಕಡತಗಳಿಂದ ವರದಿ ತಯಾರಿಸುವ ಹೊಣೆ ಬಂತು. ಇದ್ದ ಸಲಕರಣೆಗಳು ಸಾಲದೆ ತಾವೇ ಒಂದು ಭಾಷೆ ಮಾಡಿಕೊಂಡರು. ಲಿಪಿ ಕಟ್ಟಲು ಹೊರಟವರ ಕೈಯಿಂದಲೇ ಪಠ್ಯವನ್ನು ರೂಪದಿಂದ ರೂಪಕ್ಕೆ ದಾಟಿಸುವ ಸಾಧನ ಬಂದದ್ದು ನನಗೆ ಆಕಸ್ಮಿಕವೆನಿಸುವುದಿಲ್ಲ.

ಪರ್ಲ್‌ನ ಹೃದಯದಲ್ಲಿರುವುದು ರೆಗ್ಯುಲರ್ ಎಕ್ಸ್‌ಪ್ರೆಷನ್. ‘ಇಂಥ ಆಕಾರದ ಪಠ್ಯ ಸಿಕ್ಕರೆ ಹಿಡಿ, ಇಂತಿಂಥ ಭಾಗಗಳಾಗಿ ಬಿಡಿಸು, ಈ ಕ್ರಮದಲ್ಲಿ ಮರಳಿ ಜೋಡಿಸು’ ಎಂದು ಹೇಳುವ ಚಿಕ್ಕ ಭಾಷೆ ಅದು. ವ್ಯಂಜನ, ಅದರ ನಂತರ ಇದ್ದರೆ ಒತ್ತು, ಇದ್ದರೆ ಸ್ವರಚಿಹ್ನೆ, ಕೊನೆಗೆ ಅರ್ಕಾವೊತ್ತು: ಇದಿಷ್ಟನ್ನು ಹಿಡಿದು, ಕೊನೆಯದನ್ನು ಮೊದಲಿಗೆ ತಂದರೆ ಕರ್ನಾಟಕ ಸರಿಹೋಗುತ್ತದೆ. ‘ಕನ್ನಡ ಲಿಪಿಯ ಯಾವುದೇ ಅಕ್ಷರ’ ಎಂದು ಹೆಸರು ಹಿಡಿದೇ ಕೇಳುವ ಸೌಲಭ್ಯವೂ ಇವತ್ತಿನ ಪರ್ಲ್‌ನಲ್ಲಿದೆ.

1994ರಲ್ಲಿ ಐದನೆಯ ಆವೃತ್ತಿ ಬಂದಾಗ ಮಾಡ್ಯೂಲುಗಳನ್ನು ಬರೆಯುವ ವ್ಯವಸ್ಥೆ ಸೇರಿತು. ಒಬ್ಬರು ಬರೆದ ತುಣುಕನ್ನು ಇನ್ನೊಬ್ಬರು ಹಾಗೆಯೇ ತಮ್ಮ ಪ್ರೋಗ್ರಾಮಿಗೆ ಜೋಡಿಸಿಕೊಳ್ಳಬಹುದಾಯಿತು. ಮರುವರ್ಷ, 1995ರಲ್ಲಿ, ಅವನ್ನೆಲ್ಲ ಒಂದೆಡೆ ಇಡುವ ಸಿಪ್ಯಾನ್ ಎಂಬ ಭಂಡಾರ ಶುರುವಾಯಿತು. ಇವತ್ತು ಅಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮಾಡ್ಯೂಲುಗಳಿವೆ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಒಳಗಿನ ಕೋಡನ್ನು ಓದಬಹುದು. ಯಾರಾದರೂ ಹೊಸದನ್ನು ಸೇರಿಸಿದರೆ, ಬೇರೆ ಬೇರೆ ದೇಶಗಳ ಸ್ವಯಂಸೇವಕರ ಯಂತ್ರಗಳು ಅದನ್ನು ಬಗೆಬಗೆಯ ವ್ಯವಸ್ಥೆಗಳಲ್ಲಿ ಓಡಿಸಿ ನೋಡಿ ಫಲಿತಾಂಶ ತಿಳಿಸುತ್ತವೆ. ಈ ಭಂಡಾರದಲ್ಲಿ ರೂಪಾಂತರದ ಕೆಲಸಕ್ಕೆಂದೇ ಇರುವ ಮಾಡ್ಯೂಲುಗಳು ಬಹಳ.

ಇದರಲ್ಲಿ ತೀರ ಸಾದಾ ಎನಿಸುವ ಒಂದನ್ನು ನೋಡೋಣ: ಸಿಎಸ್‌ವಿ, ಅಂದರೆ ಅಲ್ಪವಿರಾಮ ಹಾಕಿ ಬಿಡಿಸಿದ ಪಟ್ಟಿ. ಬ್ಯಾಂಕಿನ ಲೆಕ್ಕ, ಶಾಲೆಯ ಹಾಜರಿ, ಸದಸ್ಯರ ವಿಳಾಸ ಎಲ್ಲವೂ ಈ ರೂಪದಲ್ಲಿ ಓಡಾಡುತ್ತವೆ. ಅಲ್ಪವಿರಾಮ ಬಂದಲ್ಲಿ ಕತ್ತರಿಸಿದರಾಯಿತಲ್ಲ? ‘ಮನೆ ನಂ. 12, 3ನೇ ಅಡ್ಡರಸ್ತೆ, ಮಲ್ಲೇಶ್ವರ’ ಎಂಬ ವಿಳಾಸ ಬಂತೆನ್ನಿ. ಒಂದು ಅಂಕಣದಲ್ಲಿರಬೇಕಾದದ್ದು ಮೂರಾಗಿ ಒಡೆಯುತ್ತದೆ, ಮುಂದಿನ ಅಂಕಣಗಳೆಲ್ಲ ಎರಡೆರಡು ಮನೆ ಪಕ್ಕಕ್ಕೆ ಜರುಗುತ್ತವೆ. ಅದಕ್ಕಾಗಿ ಇಡೀ ವಿಳಾಸಕ್ಕೆ ಉದ್ಧರಣ ಚಿಹ್ನೆ ಹಾಕಬೇಕು. ವಿಳಾಸದೊಳಗೇ ಆ ಚಿಹ್ನೆ ಇದ್ದರೆ ಅದನ್ನು ಎರಡು ಸಲ ಬರೆಯಬೇಕು. ಉದ್ಧರಣದೊಳಗೆ ಸಾಲು ಮುರಿದರೆ ಅದು ಹೊಸ ದಾಖಲೆಯಲ್ಲ, ಹಳೆಯದರ ಮುಂದುವರಿಕೆ. ದಶಕಗಳಿಂದ ಬಳಕೆಯಲ್ಲಿದ್ದ ಈ ರೂಢಿಯನ್ನು ಆರ್‌ಎಫ್‌ಸಿ 4180 ಎಂಬ ದಾಖಲೆಯಾಗಿ ಬರೆದಿಟ್ಟದ್ದು 2005ರಲ್ಲಿ. ಪರ್ಲ್‌ನ ಟೆಕ್ಸ್ಟ್ ಸಿಎಸ್‌ವಿ ಮಾಡ್ಯೂಲ್ ಈ ಸೂಕ್ಷ್ಮಗಳನ್ನೆಲ್ಲ ಬಲ್ಲದು. ಅದರಲ್ಲಿ ನಾನು ಇನ್ನೂ ಹೆಚ್ಚಾಗಿ ಮೆಚ್ಚುವುದು ಅದು ಮಾಡದ ಕೆಲಸವನ್ನು: ಅಂಕಣದಲ್ಲಿ ಏನಿದೆಯೋ ಅದನ್ನು ಇದ್ದಂತೆಯೇ ಕೊಡುತ್ತದೆ. ಇದು ಸಂಖ್ಯೆಯಿರಬಹುದು, ಇದು ತಾರೀಖಿರಬಹುದು ಎಂದು ಊಹಿಸಲು ಹೋಗುವುದಿಲ್ಲ.

ಈ ಸಂಯಮದ ಬೆಲೆ ತಿಳಿಯಬೇಕಾದರೆ ಜೀವವಿಜ್ಞಾನದ ಕಡೆ ಹೋಗಬೇಕು.

ಮಾನವನ ಡಿಎನ್‌ಎಯ ಸುಮಾರು 300 ಕೋಟಿ ಅಕ್ಷರಗಳನ್ನು ಓದುವ ಜಿನೋಮ್ ಯೋಜನೆ 1990ರಲ್ಲಿ ಶುರುವಾಗಿ 2003ರಲ್ಲಿ ಮುಗಿಯಿತು. ನಡುವೆ, 1996ರಲ್ಲಿ, ಲಿಂಕನ್ ಸ್ಟೈನ್ ಎಂಬ ವಿಜ್ಞಾನಿ ‘ದಿ ಪರ್ಲ್ ಜರ್ನಲ್’ ಪತ್ರಿಕೆಗೆ ಒಂದು ಲೇಖನ ಬರೆದರು. ಆ ಯೋಜನೆಯನ್ನು ಪರ್ಲ್ ಹೇಗೆ ಉಳಿಸಿತು ಎಂಬುದೇ ಅದರ ಶೀರ್ಷಿಕೆ. ಅದು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ನಡೆದ ಒಂದು ಸಭೆಯಿಂದ ಆರಂಭವಾಗುತ್ತದೆ. ಯುರೋಪಿನ ಮತ್ತು ಅಮೆರಿಕದ ಎರಡು ದೊಡ್ಡ ಕೇಂದ್ರಗಳ ಕಂಪ್ಯೂಟರ್ ತಜ್ಞರು ಅಲ್ಲಿ ಸೇರಿದ್ದರು. ಇಬ್ಬರ ಪ್ರಯೋಗ ವಿಧಾನ ಹೆಚ್ಚುಕಡಿಮೆ ಒಂದೇ, ಬಳಸುವ ಸಲಕರಣೆಗಳೂ ಒಂದೇ. ಆದರೂ ಒಬ್ಬರ ಮಾಹಿತಿ ಇನ್ನೊಬ್ಬರ ಯಂತ್ರಕ್ಕೆ ಹೋಗುತ್ತಿರಲಿಲ್ಲ. ಎರಡೂ ಕಡೆ ಅದನ್ನು ಬರೆದಿಡುವ ರೂಪ ಬೇರೆಯಾಗಿತ್ತು. ನಡುವೆ ಸೇತುವೆಯಾಗಿ ನಿಂತದ್ದು ಪರ್ಲ್‌ನಲ್ಲಿ ಬರೆದ ಪುಟ್ಟ ಪುಟ್ಟ ಪ್ರೋಗ್ರಾಮುಗಳು.

ಹಾಗೆ ಚದುರಿದ್ದ ಪ್ರಯತ್ನಗಳು ಕೂಡಿ ಬೆಳೆದದ್ದು ಬಯೋಪರ್ಲ್ ಎಂಬ ಮುಕ್ತ ತಂತ್ರಾಂಶ. ಒಂದೇ ಡಿಎನ್‌ಎ ತುಣುಕನ್ನು ಎಷ್ಟು ಬಗೆಯಲ್ಲಿ ಬರೆಯುತ್ತಾರೆ ನೋಡಿ. ಫಾಸ್ಟಾ ಎಂಬ ರೂಪದಲ್ಲಿ ಒಂದು ಬಾಣದ ತಲೆ, ಹೆಸರು, ಕೆಳಗೆ ಅಕ್ಷರಗಳ ಸರಣಿ, ಅಷ್ಟೇ. ಅಮೆರಿಕದ ಜೆನ್‌ಬ್ಯಾಂಕ್‌ ರೂಪದಲ್ಲಿ ಸಾಲಿನ ಮೊದಲಿಗೆ ಪೂರ್ಣ ಪದಗಳ ಶೀರ್ಷಿಕೆ. ಯುರೋಪಿನ ಇಎಂಬಿಎಲ್ ರೂಪದಲ್ಲಿ ಪ್ರತಿ ಸಾಲಿನ ಮೊದಲಿಗೆ ಎರಡಕ್ಷರದ ಸಂಕೇತ. ಇಂಥ ಹತ್ತು ರೂಪಗಳಿದ್ದು, ಪ್ರತಿಯೊಂದರಿಂದ ಉಳಿದ ಒಂಬತ್ತಕ್ಕೂ ನೇರ ದಾರಿ ಕಟ್ಟುತ್ತೇನೆಂದರೆ 90 ಪರಿವರ್ತಕಗಳು ಬೇಕು. ಬಯೋಪರ್ಲ್ ಹಿಡಿದದ್ದು ಬೇರೆ ದಾರಿ. ಯಾವ ರೂಪದಲ್ಲಿ ಬಂದರೂ ಮೊದಲು ಅದನ್ನು ಓದಿ, ‘ಇದು ಒಂದು ಸರಣಿ, ಇದು ಅದರ ಹೆಸರು, ಇವು ಅದರ ಲಕ್ಷಣಗಳು’ ಎಂದು ಅರ್ಥದ ರೂಪದಲ್ಲಿ ನಡುಮನೆಯಲ್ಲಿ ಕೂರಿಸು. ಹೊರಗೆ ಹೋಗುವಾಗ ಬೇಕಾದ ಉಡುಪು ತೊಡಿಸು. ಆಗ ಹತ್ತು ಓದುವವು, ಹತ್ತು ಬರೆಯುವವು, ಒಟ್ಟು 20 ಸಾಕು. ಹನ್ನೊಂದನೆಯ ರೂಪ ಬಂದರೆ ಸೇರಿಸಬೇಕಾದದ್ದು ಎರಡೇ. ಕಡಿಮೆ ಬರೆಯುವ ಉಪಾಯ ಮಾತ್ರವಲ್ಲ ಇದು. ವೇಷ ಬದಲಿಸುವ ಮುನ್ನ ಒಳಗೆ ಇರುವುದೇನು ಎಂದು ತಿಳಿಯಲೇಬೇಕು ಎಂಬ ಶಿಸ್ತು.

ಈ ಶಿಸ್ತು ತಪ್ಪಿದಾಗ ಏನಾಗುತ್ತದೆ ಎಂಬುದಕ್ಕೆ ಅದೇ ಕ್ಷೇತ್ರದಲ್ಲಿ ಉದಾಹರಣೆಯಿದೆ. ಮನುಷ್ಯನ ಕೆಲವು ವಂಶವಾಹಿಗಳಿಗೆ ಸೆಪ್ಟ್2, ಮಾರ್ಚ್1 ಎಂಬ ಹೆಸರಿತ್ತು. ಪಟ್ಟಿಯನ್ನು ಎಕ್ಸೆಲ್‌ನಲ್ಲಿ ತೆರೆದರೆ ಅವು ಸದ್ದಿಲ್ಲದೆ ಸೆಪ್ಟೆಂಬರ್ 2, ಮಾರ್ಚ್ 1 ಎಂಬ ತಾರೀಖುಗಳಾಗುತ್ತಿದ್ದವು. ಫೈಲನ್ನು ಉಳಿಸಿದ ಮೇಲೆ ಮೂಲ ಹೆಸರು ಹೋಯಿತು. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ ವಂಶವಾಹಿಗಳ ಎಕ್ಸೆಲ್ ಪಟ್ಟಿ ಲಗತ್ತಿಸಿದ್ದ ಪ್ರಬಂಧಗಳನ್ನು ಪರಿಶೀಲಿಸಿ, ಹೆಚ್ಚುಕಡಿಮೆ ಐದರಲ್ಲಿ ಒಂದರಲ್ಲಿ ಈ ಬಗೆಯ ತಪ್ಪುಗಳಿವೆ ಎಂದು ತೋರಿಸಿತು. ಕೊನೆಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿಯೇ 2020ರಲ್ಲಿ ಇಂಥ ವಂಶವಾಹಿಗಳ ಹೆಸರನ್ನು ಬದಲಿಸಿರುವುದಾಗಿ ತಿಳಿಸಿತು. ಒಂದು ತಂತ್ರಾಂಶದ ಊಹೆಗಾಗಿ ವಿಜ್ಞಾನ ತನ್ನ ಶಬ್ದಗಳನ್ನು ತಿದ್ದಿಕೊಳ್ಳಬೇಕಾಯಿತು. ಊಹಿಸುವುದಿದ್ದರೆ ಹೇಳಿ ಊಹಿಸು, ಹೇಳಲಾಗದಿದ್ದರೆ ಊಹಿಸಬೇಡ. ಪರಿವರ್ತಕ ಬರೆಯುವವರೆಲ್ಲರಿಗೂ ನಾನು ಕೇಳಿಕೊಳ್ಳುವುದು ಇಷ್ಟನ್ನೇ.

ಆದರೆ ಊಹೆಯಿಲ್ಲದೆ ಒಂದು ಹೆಜ್ಜೆಯೂ ಇಡಲಾಗದ ಜಾಗವೊಂದಿದೆ. ಅದು ಗಣಿತದ ಬರವಣಿಗೆ.

ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕನೂತ್ ತಮ್ಮ ಪುಸ್ತಕದ ಕರಡಚ್ಚಿನಲ್ಲಿ ಗಣಿತ ಮೂಡಿದ್ದ ಬಗೆಗೆ ಬೇಸತ್ತು 1970ರ ದಶಕದ ಕೊನೆಯಲ್ಲಿ ಟೆಕ್ ಎಂಬ ಅಕ್ಷರಜೋಡಣೆಯ ವ್ಯವಸ್ಥೆಯನ್ನೇ ಕಟ್ಟಿದರು. ಅದರ ಮೇಲೆ ಲೆಸ್ಲಿ ಲ್ಯಾಂಪೋರ್ಟ್ ಕಟ್ಟಿದ್ದು ಲೇಟೆಕ್. ಗಣಿತ, ಭೌತವಿಜ್ಞಾನದ ಪ್ರಬಂಧಗಳನ್ನು ಜಗತ್ತಿನಾದ್ಯಂತ ಇವತ್ತಿಗೂ ಹೆಚ್ಚಾಗಿ ಬರೆಯುವುದು ಅದರಲ್ಲೇ. ಕಾಗದದ ಮೇಲೆ ಅದರಷ್ಟು ಚಂದ ಇನ್ನೊಂದಿಲ್ಲ. ತೊಡಕು ಬರುವುದು ಅದನ್ನು ಕಾಗದದಿಂದ ಬಿಡಿಸುವಾಗ. ಟೆಕ್‌ನಲ್ಲಿ ಲೇಖಕರು ತಮ್ಮದೇ ಆಜ್ಞೆಗಳನ್ನು ಮಾಡಿಕೊಳ್ಳಬಹುದು. ಯಾವ ಚಿಹ್ನೆಗೆ ಯಾವ ಪಾತ್ರ ಎಂಬುದನ್ನು ಕೂಡ ಫೈಲಿನ ನಡುವೆಯೇ ಬದಲಿಸಬಹುದು. ಹುಡುಕಿ ಬದಲಿಸುವ ಸಾಮಾನ್ಯ ಪ್ರೋಗ್ರಾಂ ಇಲ್ಲಿ ದಿಕ್ಕು ತಪ್ಪುತ್ತದೆ.

ಅಮೆರಿಕದ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆಯ ಬ್ರೂಸ್ ಮಿಲ್ಲರ್ ಇದಕ್ಕಾಗಿ ಲೇಟೆಕ್‌ಎಂಎಲ್ ಬರೆದರು, ಪರ್ಲ್‌ನಲ್ಲಿ. ಗಣಿತದ ಫಲನಗಳನ್ನು ಕುರಿತು ಆ ಸಂಸ್ಥೆ 1964ರಲ್ಲಿ ತಂದಿದ್ದ ದೊಡ್ಡ ಕೈಪಿಡಿಗೆ ಉತ್ತರಾಧಿಕಾರಿಯಾಗಿ ಒಂದು ಡಿಜಿಟಲ್ ಗ್ರಂಥಾಲಯ ಸಿದ್ಧವಾಗುತ್ತಿತ್ತು. 2010ರಲ್ಲಿ ಅದು ಲೋಕಕ್ಕೆ ತೆರೆದುಕೊಂಡಿತು. ಅದರ ಸೂತ್ರಗಳನ್ನೆಲ್ಲ ಲೇಟೆಕ್‌ನಿಂದ ಜಾಲಕ್ಕೆ ದಾಟಿಸುವ ಅಗತ್ಯದಿಂದ ಹುಟ್ಟಿದ ತಂತ್ರಾಂಶ ಇದು. ಕನೂತ್ ಟೆಕ್ ಕುರಿತೇ ಬರೆದ ಪುಸ್ತಕದಲ್ಲಿ ಅದು ಕೆಲಸ ಮಾಡುವ ಬಗೆಯನ್ನು ಊಟಕ್ಕೆ ಹೋಲಿಸಿದ್ದರು: ಬಾಯಿ ಅಕ್ಷರಗಳನ್ನು ತುತ್ತು ಮಾಡುತ್ತದೆ, ಗಂಟಲು ಆಜ್ಞೆಗಳನ್ನು ಬಿಡಿಸುತ್ತದೆ, ಹೊಟ್ಟೆ ಜೀರ್ಣಿಸುತ್ತದೆ. ಮಿಲ್ಲರ್ ತಮ್ಮ ಮಾಡ್ಯೂಲುಗಳಿಗೂ ಬಾಯಿ, ಗಂಟಲು, ಹೊಟ್ಟೆ ಎಂದೇ ಹೆಸರಿಟ್ಟರು. ಟೆಕ್ ಓದಿದ ಹಾಗೆಯೇ ಓದಿದರೆ ಮಾತ್ರ ಅದರ ಮಾತು ತಿಳಿಯುತ್ತದೆ ಎಂದು ಒಪ್ಪಿಕೊಂಡ ವಿನಯ ಆ ಹೆಸರುಗಳಲ್ಲಿದೆ.

ಜೀರ್ಣವಾದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಎಫ್ ಎಂದು ಬರೆದು ಪಕ್ಕದಲ್ಲಿ ಆವರಣದೊಳಗೆ ಎಕ್ಸ್ ಬರೆದರೆ, ಅದು ಎಕ್ಸ್‌ನ ಮೇಲೆ ಪ್ರಯೋಗಿಸಿದ ಎಫ್ ಎಂಬ ಫಲನವೇ, ಅಥವಾ ಎಫ್ ಮತ್ತು ಎಕ್ಸ್‌ಗಳ ಗುಣಲಬ್ಧವೇ? ಕಾಗದದ ಮೇಲೆ ಎರಡಕ್ಕೂ ಒಂದೇ ರೂಪ. ಹಿಂದಿನ ಪುಟ ಓದಿದ ವಿದ್ಯಾರ್ಥಿಗೆ ಗೊತ್ತಾಗುತ್ತದೆ, ಯಂತ್ರಕ್ಕೆ ಆಗುವುದಿಲ್ಲ. ಲೇಟೆಕ್‌ಎಂಎಲ್‌ನೊಳಗೆ ಗಣಿತಕ್ಕೆಂದೇ ಒಂದು ವ್ಯಾಕರಣವಿದೆ. ಅದು ಚಿಹ್ನೆಗಳ ಪಾತ್ರ ನೋಡಿ ವಾಕ್ಯ ಬಿಡಿಸಿದಂತೆ ಸೂತ್ರವನ್ನು ಬಿಡಿಸಲು ಯತ್ನಿಸುತ್ತದೆ. ಲೇಖಕರು ಅರ್ಥವನ್ನು ಸ್ಪಷ್ಟವಾಗಿ ಗುರುತಿಸಿಟ್ಟಿದ್ದರೆ ಅದನ್ನೇ ನಂಬುತ್ತದೆ. ಊಹೆ ಇದೆ, ಆದರೆ ಆ ಊಹೆಯ ನಿಯಮಗಳು ಯಾರಾದರೂ ಓದಿ ಪ್ರಶ್ನಿಸಬಹುದಾದ ಕೋಡಿನಲ್ಲಿವೆ. ಸರ್ಕಾರಿ ನೌಕರರು ಬರೆದದ್ದಾದ್ದರಿಂದ ಇಡೀ ತಂತ್ರಾಂಶ ಸಾರ್ವಜನಿಕ ಸ್ವತ್ತು.

ಇದೆಲ್ಲ ಯಾರಿಗಾಗಿ? ವಿಜ್ಞಾನಿಗಳು ಪ್ರಬಂಧಗಳನ್ನು ಮುಕ್ತವಾಗಿ ಹಂಚಿಕೊಳ್ಳುವ ಆರ್ಕೈವ್ ಎಂಬ ಭಂಡಾರ 1991ರಿಂದ ಇದೆ. ಅಲ್ಲಿ ಓದಲು ಸಿಗುತ್ತಿದ್ದದ್ದು ಮುಖ್ಯವಾಗಿ ಪಿಡಿಎಫ್. ಕಣ್ಣು ಕಾಣದ ವಿದ್ಯಾರ್ಥಿಯ ಪರದೆ ಓದುವ ತಂತ್ರಾಂಶಕ್ಕೆ ಆ ಪಿಡಿಎಫ್‌ನ ಸೂತ್ರ ಚದುರಿಬಿದ್ದ ಚಿಹ್ನೆಗಳ ಸಾಲು ಮಾತ್ರ. ಯಾವುದು ಭಿನ್ನರಾಶಿಯ ಮೇಲಿನದು, ಯಾವುದು ಕೆಳಗಿನದು, ಯಾವುದು ಘಾತ ಎಂದು ತಿಳಿಯುವುದಿಲ್ಲ. 1998ರಲ್ಲೇ ಜಾಲಕ್ಕಾಗಿ ರೂಪಿಸಿದ್ದ ಮ್ಯಾಥ್‌ಎಂಎಲ್ ಎಂಬ ಸಂಕೇತದಲ್ಲಿ ಈ ರಚನೆಯೆಲ್ಲ ಉಳಿಯುತ್ತದೆ. 2023ರ ಜನವರಿಯಲ್ಲಿ ಕ್ರೋಮ್ ಬ್ರೌಸರಿಗೆ ಅದು ಮರಳಿ ಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ಆರ್ಕೈವ್ ಹೊಸ ಲೇಟೆಕ್ ಪ್ರಬಂಧಗಳನ್ನು ಜಾಲಪುಟದ ರೂಪದಲ್ಲೂ ಕೊಡಲು ಶುರುಮಾಡಿತು. ತೆರೆಯ ಹಿಂದೆ ಆ ಕೆಲಸ ಮಾಡುತ್ತಿರುವುದು ಪರ್ಲ್‌ನ ಲೇಟೆಕ್‌ಎಂಎಲ್. ಎಲ್ಲ ಪ್ರಬಂಧಗಳೂ ಸರಾಗವಾಗಿ ದಾಟುವುದಿಲ್ಲ, ಕೆಲವು ಮುರಿದೇ ಬರುತ್ತವೆ. ಆದರೂ ಮೈಸೂರಿನಲ್ಲೋ ಮ್ಯೂನಿಕ್‌ನಲ್ಲೋ ಕೂತು ಕಿವಿಯಿಂದ ಸಮೀಕರಣ ಓದಬಯಸುವವರಿಗೆ ಇಲ್ಲಿ ಒಂದು ಬಾಗಿಲು ತೆರೆದಿದೆ. ಪರ್ಲ್‌ನ ಎಲ್ಲ ಸಾಧನೆಗಳಲ್ಲಿ ನನಗೆ ಇದೇ ದೊಡ್ಡದು.

ಇನ್ನೆರಡನ್ನು ಬೇಗ ಹೇಳಿಬಿಡುತ್ತೇನೆ. ಪದದ ಎರಡೂ ಬದಿ ಎರಡೆರಡು ನಕ್ಷತ್ರ ಹಾಕಿದರೆ ದಪ್ಪಕ್ಷರವಾಗುವ ಮಾರ್ಕ್‌ಡೌನ್ ಇವತ್ತು ಎಲ್ಲೆಡೆ ಇದೆ. ಜಾನ್ ಗ್ರೂಬರ್ ಅದನ್ನು 2004ರಲ್ಲಿ ಹೊರತಂದದ್ದು ಒಂದು ಪರ್ಲ್ ಪ್ರೋಗ್ರಾಂ ಆಗಿ. ರೂಪಿಸುವಾಗ ಆರನ್ ಸ್ವಾರ್ಟ್ಜ್ ಜೊತೆಗಿದ್ದರು. ಇನ್ನೊಂದು, ಫೋಟೋದೊಳಗೆ ಕ್ಯಾಮೆರಾ ಬರೆದಿಟ್ಟ ವಿವರಗಳನ್ನು ಓದುವ ಎಕ್ಸಿಫ್‌ಟೂಲ್. 12 ಡಿಗ್ರಿ 58 ನಿಮಿಷ ಎಂದಿರುವ ಅಕ್ಷಾಂಶವನ್ನು ನಕ್ಷೆಗೆ ಬೇಕಾದ 12.9667 ಆಗಿ ಕೊಡುವುದು ಅದರ ಅಸಂಖ್ಯ ಕೆಲಸಗಳಲ್ಲಿ ಒಂದು. 2003ರಿಂದ ಅದು ಪರ್ಲ್‌ನಲ್ಲೇ ಬೆಳೆಯುತ್ತ ಬಂದಿದೆ. ಹೊಸ ತಲೆಮಾರು ಪೈಥಾನ್ ಕಲಿಯುತ್ತಿದೆ, ಅದರಲ್ಲಿ ತಪ್ಪೇನಿಲ್ಲ. ಪರ್ಲ್ ಕಟ್ಟಿಟ್ಟ ಸೇತುವೆಗಳ ಮೇಲೆ ಈಗಲೂ ಸಂಚಾರ ನಡೆಯುತ್ತಲೇ ಇದೆ.

ನನ್ನ ಸಿ.ಡಿ.ಗೆ ಮರಳುತ್ತೇನೆ. ಕನ್ನಡದ ಹಳೆಯ ಫೈಲುಗಳಿಗೆ ತಗಲುವ ಕಾಯಿಲೆ ಎರಡು ಬಗೆಯದು, ಲಕ್ಷಣ ನೋಡಿ ಗುರುತಿಸಬಹುದು. ಗೀರಿನ ಸಣ್ಣ ಎ, ಅದರ ಪಕ್ಕ ಮೇಲೆತ್ತಿ ಬರೆದ ಪುಟ್ಟ 2 ಅಥವಾ 3 ಮತ್ತೆ ಮತ್ತೆ ಬರುತ್ತಿದ್ದರೆ ಗಾಬರಿ ಬೇಡ. ಅದು ಯೂನಿಕೋಡ್ ಕನ್ನಡವೇ. ಯುಟಿಎಫ್-8ರಲ್ಲಿ ನಮ್ಮ ಒಂದೊಂದು ಬಿಡಿ ಚಿಹ್ನೆಗೆ ಮೂರು ಬೈಟುಗಳು. ಯಂತ್ರ ಅವನ್ನು ಮೂರು ಬೇರೆ ಅಕ್ಷರಗಳೆಂದು ತಪ್ಪಾಗಿ ಓದಿದೆ. ಪರ್ಲ್ ಜೊತೆಗೇ ಬರುವ ಎನ್‌ಕೋಡ್ ಮಾಡ್ಯೂಲಿಗೆ ಸರಿಯಾದ ಸಂಕೇತ ಹೇಳಿದರೆ ಸಾಮಾನ್ಯವಾಗಿ ಎಲ್ಲ ಮರಳಿ ಸಿಗುತ್ತದೆ. ಪಿ, ದೊಡ್ಡ ಎ, ಪೌಂಡ್ ಕಂಡರೆ ಮಾತ್ರ ಅದು ಹಳೆಯ ಫಾಂಟಿನ ಸಂಕೇತ. ಅದಕ್ಕೆ ಆ ಫಾಂಟಿನ ಪಟ್ಟಿಯೂ ಬೇಕು, ಅರ್ಕಾವೊತ್ತಿನ ನಿಯಮವೂ ಬೇಕು.

ಅಷ್ಟಿದ್ದರೂ ನನ್ನ ಒಂದು ಲೇಖನ ಪೂರ್ತಿ ಉಳಿಯಲಿಲ್ಲ. ಅದರ ನಡುನಡುವೆ ಇಂಗ್ಲಿಷ್ ಪದಗಳಿದ್ದವು. ಹಿಂದೊಮ್ಮೆ ನಾನೇ ಅದನ್ನು ಬರೀ ಪಠ್ಯವಾಗಿ ಉಳಿಸಿ, ಮೂಲ ವರ್ಡ್ ಫೈಲನ್ನು ಅಳಿಸಿಬಿಟ್ಟಿದ್ದೆ. ಈ ಪಿ ಇಂಗ್ಲಿಷಿನದೋ ನಮ್ಮ ಕಕಾರದ ಒಡಲೋ ಎಂದು ತಿಳಿಸುತ್ತಿದ್ದದ್ದು ಆ ಫೈಲಿನಲ್ಲಿದ್ದ ಫಾಂಟಿನ ಹೆಸರೊಂದೇ. ಅದು ಅಳಿದೊಡನೆ ಎರಡೂ ಒಂದಾದವು. ಸಾಲು ಸಾಲಾಗಿ ಕೂತು ಕೈಯಿಂದಲೇ ತಿದ್ದಿದೆ. ಎರಡು ಕಡೆ ನಾನೇ ಏನು ಬರೆದಿದ್ದೆನೆಂದು ನನಗೇ ತಿಳಿಯಲಿಲ್ಲ.

ಹಾಗಾಗಿ ಓದುಗರಲ್ಲಿ, ಅದರಲ್ಲೂ ಸಣ್ಣ ಪ್ರಕಾಶಕರು, ಡಿಟಿಪಿ ಮಾಡಿದವರು, ಊರಿನ ಸಂಘಗಳ ಸ್ಮರಣ ಸಂಚಿಕೆ ತಂದವರಲ್ಲಿ ಒಂದು ವಿನಂತಿ. ನಿಮ್ಮ ಹಳೆಯ ಸಿ.ಡಿ.ಗಳು ಇನ್ನೂ ತೆರೆಯುತ್ತಿರುವಾಗಲೇ ಪ್ರತಿ ತೆಗೆದಿಡಿ. ಯೂನಿಕೋಡಿಗೆ ತನ್ನಿ, ಆದರೆ ಮೂಲ ಫೈಲನ್ನು ಅದರ ಫಾಂಟಿನ ಹೆಸರಿನ ಸಮೇತ ಹಾಗೆಯೇ ಉಳಿಸಿಕೊಳ್ಳಿ. ಯಾವ ಚಿಹ್ನೆ ಯಾವ ಅಕ್ಷರವಾಯಿತು ಎಂಬ ಪಟ್ಟಿಯನ್ನು ನೀವು ಮಾಡಿಕೊಂಡಿದ್ದರೆ ಅದನ್ನು ಮುಕ್ತವಾಗಿ ಹಂಚಿ. ಅದೇ ಫಾಂಟಿನಲ್ಲಿ ಬರೆದ ಇನ್ನೊಬ್ಬರ ಕಾದಂಬರಿ ಯಾವುದೋ ಕಪಾಟಿನಲ್ಲಿ ಆ ಪಟ್ಟಿಗಾಗಿ ಕಾಯುತ್ತಿರಬಹುದು.